ಆಚೆಯವರು ಬಂದಾಗ

ಕನ್ನಡಕದ ಅಂಗಡಿ, ಹಿಂದಿನ ಕೋಣೆ
ಗುರುವಾರ, ಊಟದ ಬಿಡುವು

ಪ್ರೀತಿಯ ಮಹರಾಯನಿಗೆ,

ಹೇಗಿದ್ದೀಯ? ಸೊಂಟನೋವು ಹೇಗಿದೆ? ಎಂಜಿನ್ ಕೋಣೆಯ ಶಾಖಕ್ಕೆ ಬೆನ್ನಿನ ಮೇಲೆ ಎದ್ದಿದ್ದ ಗುಳ್ಳೆಗಳು ಹೋದವೋ, ಇಲ್ಲ ಇನ್ನೂ ಕೆರೆದುಕೊಂಡೇ ಇದ್ದೀಯೋ? ಹಡಗಿನ ಡಾಕ್ಟರು ಕೊಟ್ಟ ಮುಲಾಮು ಹಚ್ಚಿಕೋ. ಪೆಟ್ಟಿಗೆಯಲ್ಲಿ ಜೋಪಾನ ಮಾಡಿಟ್ಟರೆ ಅದು ತಾನಾಗಿ ಎದ್ದು ಬಂದು ಹತ್ತಿಕೊಳ್ಳುವುದಿಲ್ಲ. ನಾನು ಚೆನ್ನಾಗಿದ್ದೇನೆ. ನಿನ್ನ ಅಮ್ಮನೂ ಚೆನ್ನಾಗಿದ್ದಾರೆ, ಅವರ ರಕ್ತದೊತ್ತಡ ನನ್ನದಕ್ಕಿಂತ ಸರಿಯಾಗಿದೆ. ಫೋನಿನಲ್ಲಿ ಹೇಳುವುದನ್ನು ಇವಳು ಕಾಗದದಲ್ಲಿ ಯಾಕೆ ಬರೆಯುತ್ತಾಳೆ ಅಂದುಕೊಳ್ಳಬೇಡ. ನೀನು ಫೋನ್ ಮಾಡಿದಾಗಲೆಲ್ಲ ಅತ್ತೆ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿರುತ್ತಾರೆ. ಸಾಲದ್ದಕ್ಕೆ ಆ ಹಡಗಿನ ಫೋನಿನಲ್ಲಿ ನನ್ನ ಮಾತು ನಿನ್ನನ್ನು ಮುಟ್ಟಿ ನಿನ್ನ ‘ಹೂಂ’ ವಾಪಸು ಬರುವಷ್ಟರಲ್ಲಿ ನಾನು ಏನು ಹೇಳಿದೆ ಅನ್ನುವುದು ನನಗೇ ಮರೆತಿರುತ್ತದೆ. ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ಭಾನುವಾರ ಕಳೆದುಹೋಗಿರುತ್ತದೆ, ಅದೂ ಗೊತ್ತು. ಆದರೂ ಬರೆಯುತ್ತೇನೆ.

ನಿನಗೆ ಗೊತ್ತಿರುವುದನ್ನೇ ಮೊದಲು ಹೇಳಿಬಿಡುತ್ತೇನೆ, ನೀನು ಅರ್ಧ ಕಿವಿಯಲ್ಲಿ ಕೇಳುವವನು. ಅವತ್ತು ನಾನು ಅಂಗಡಿ ಮುಗಿಸಿ ಬರುವಾಗ ಕೆಳಗಿನ ಮೆಟ್ಟಿಲ ತನಕ ಸುಟ್ಟ ವಾಸನೆ. ಅತ್ತೆ ಹಾಲು ಕಾಯಲು ಇಟ್ಟು, ಮರೆತು, ಒಳಗೆ ಹೋಗಿ ಮಲಗಿಬಿಟ್ಟಿದ್ದರು. ಪಾತ್ರೆ ಕಪ್ಪಾಗಿ ತಳ ಬಿಟ್ಟಿತ್ತು, ಪಕ್ಕದಲ್ಲಿದ್ದ ಕೈ ಒರೆಸುವ ಬಟ್ಟೆಗೆ ಬೆಂಕಿ ಹತ್ತಿ ಗೋಡೆಯೆಲ್ಲ ಮಸಿ. ನಾನು ಕೂಗಾಡಲಿಲ್ಲ. ಬೆಂಕಿ ಆರಿಸಿದೆ, ಕಿಟಕಿ ತೆಗೆದೆ, ಆಮೇಲೆ ಗ್ಯಾಸ್ ಒಲೆಯ ಎರಡೂ ಗುಂಡಿಗಳನ್ನು ಕಿತ್ತು ನನ್ನ ಕೈಚೀಲದಲ್ಲಿ ಹಾಕಿಕೊಂಡೆ. ಮಾರನೆಯ ದಿನದಿಂದ ಆ ಗುಂಡಿಗಳು ನನ್ನ ಜೊತೆ ಅಂಗಡಿಗೆ ಬಂದು ಹೋಗತೊಡಗಿದವು. ಅತ್ತೆ ಹೇಳಿದ್ದು ಒಂದೇ ಮಾತು, ‘ನನ್ನ ಅಡುಗೆಮನೆಗೆ ನನಗೇ ಬೀಗ.’ ಅಷ್ಟೇ, ಬಾಯಿ ಮುಚ್ಚಿದರು. ಏನಾದರೂ ಬೇಕಾದರೆ ಗೋಡೆಗೆ ಹೇಳುತ್ತಿದ್ದರು. ‘ಸೋಪು ಮುಗಿದಿದೆ’ ಅಂತ ಗೋಡೆಗೆ. ‘ನಾಳೆ ತರ್ತೀನಿ’ ಅಂತ ನಾನೂ ಗೋಡೆಗೆ. ಪಾಪ, ಆ ಗೋಡೆಗೆ ಮನೆಯ ಸಮಾಚಾರವೆಲ್ಲ ಬಾಯಿಪಾಠ.

ಹೀಗೇ ನಡೆದು ನಡೆದು ನನಗೆ ಸಾಕಾಯಿತು. ನಿನ್ನ ಅಕ್ಕನಿಗೆ ಫೋನ್ ಮಾಡಿ, ಅತ್ತೆಯನ್ನು ನಿಮ್ಮ ಊರಿಗೆ ಕರೆದುಕೊಂಡು ಹೋಗಿ, ಇನ್ನು ಅಲ್ಲೇ ಇರಲಿ, ನನ್ನ ಕೈಲಿ ಆಗುವುದಿಲ್ಲ ಅಂದೆ. ಅಕ್ಕ ಒಳ್ಳೆಯವರು, ಒಂದು ಮಾತೂ ಎದುರಾಡದೆ ಬರುವ ಭಾನುವಾರ ಕಾರು ತರುತ್ತೇನೆ ಅಂದರು. ನಿನಗೆ ಹೇಳಿದೆ. ನೀನು ‘ನಿಂಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡು’ ಅಂದೆ. ಈ ಮಾತನ್ನು ಇನ್ನೊಂದು ಸಲ ಹೇಳಿದರೆ ಫೋನ್ ಇಟ್ಟುಬಿಡುತ್ತೇನೆ, ತಿಳಿದಿರಲಿ. ಅತ್ತೆಗೂ ವಿಷಯ ಮುಟ್ಟಿಸಿದೆ, ಗೋಡೆಯ ಮೂಲಕವೇ. ಬೆಳಿಗ್ಗೆ ಎದ್ದು ನೋಡುವಾಗ ಅವರ ಹಳೆಯ ಪೆಟ್ಟಿಗೆ ಪಟ್ಟಿ ಬಿಗಿದು ಬಾಗಿಲ ಪಕ್ಕ ಕೂತಿತ್ತು. ದಿನಾ ಅದನ್ನು ತೆಗೆದು ಬಾಚಣಿಗೆ ಆಚೆ ತೆಗೆಯುತ್ತಾರೆ, ತಲೆ ಬಾಚಿಕೊಳ್ಳುತ್ತಾರೆ, ಮತ್ತೆ ಒಳಗಿಟ್ಟು ಪಟ್ಟಿ ಬಿಗಿಯುತ್ತಾರೆ.

ಇಷ್ಟೆಲ್ಲದರ ನಡುವೆಯೂ ನಿಲ್ಲದೇ ಇದ್ದದ್ದು ಏಳು ಗಂಟೆಯ ಧಾರಾವಾಹಿ. ಒಂದೇ ಸೋಫಾ, ನಡುವೆ ಒಂದು ದಿಂಬು, ಆ ಕಡೆ ಅವರು, ಈ ಕಡೆ ನಾನು. ನೀನು ನೋಡಿಲ್ಲ, ಹೇಳುತ್ತೇನೆ ಕೇಳು. ಎಲ್ಲಿಯದೋ ಪ್ರೇಮಕಥೆ, ನಮ್ಮ ಭಾಷೆಗೆ ಡಬ್ ಮಾಡಿದ್ದಾರೆ. ಒಬ್ಬಳೇ ನಟಿ, ಎರಡು ವಿಶ್ವ. ಈ ವಿಶ್ವದಲ್ಲಿ ಅವಳು ಸೇತುವೆ ಕಟ್ಟುವ ಎಂಜಿನಿಯರು, ಗಂಡ ಇದ್ದಾನೆ, ಅವನ ಮುಖ ನೋಡಲು ಪುರುಸೊತ್ತಿಲ್ಲ. ಪಕ್ಕದ ವಿಶ್ವದಲ್ಲಿ ಅವಳೇ ಹೂವಿನ ಅಂಗಡಿ ಇಟ್ಟಿದ್ದಾಳೆ, ಅಲ್ಲಿ ಗಂಡ ಸತ್ತುಹೋಗಿದ್ದಾನೆ. ಒಂದು ಹಳೆಯ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಾಗಲೆಲ್ಲ ಇವಳ ಮೈಯೊಳಗೆ ಅವಳು, ಅವಳ ಮೈಯೊಳಗೆ ಇವಳು. ಆ ಲಿಫ್ಟನ್ನು ರಿಪೇರಿ ಮಾಡಿಸಬಾರದೇ ಅಂತ ಯಂತ್ರದವನಾದ ನೀನು ಕೇಳುತ್ತೀಯ. ಮಾಡಿಸಿದರೆ ಧಾರಾವಾಹಿ ಅವತ್ತೇ ಮುಗಿಯುತ್ತದೆ. ಬಂದಿರುವವಳು ಯಾರು ಅಂತ ನೋಡುವವರಿಗೆ ತಿಳಿಯಬೇಕಲ್ಲ, ಅದಕ್ಕೆ ಡಬ್ಬಿಂಗಿನವರು ಒಂದು ಉಪಾಯ ಮಾಡಿದ್ದಾರೆ. ಇಲ್ಲಿಯವಳು ಗಂಡನನ್ನು ‘ನೀನು’ ಅನ್ನುತ್ತಾಳೆ, ಆಚೆಯವಳು ‘ನೀವು’ ಅನ್ನುತ್ತಾಳೆ. ಸಾಲದು ಅಂತ ಆಚೆಯವಳು ಬಂದ ಕೂಡಲೇ ಕನ್ನಡಕ ಹುಡುಕಿ ಹಾಕಿಕೊಳ್ಳುತ್ತಾಳೆ. ಮೈ ಇಲ್ಲಿಯದು, ಕಣ್ಣು ಇಲ್ಲಿಯದು, ಆ ಕಣ್ಣಿಗೆ ಯಾವ ದೋಷವೂ ಇಲ್ಲ, ಮತ್ತೆ ಕನ್ನಡಕ ಯಾಕೆ? ನಮ್ಮ ಕಸುಬಿನವರಿಗೆ ಇದನ್ನೆಲ್ಲ ನೋಡಿಕೊಂಡು ಕೂರುವುದು ಕಷ್ಟ. ಗಂಡನಿಗೆ ಈಗ ಆಚೆಯವಳ ಮೇಲೇ ಪ್ರೀತಿ ಬಂದುಬಿಟ್ಟಿದೆ. ಹೆಂಡತಿಯ ಮೈಯಲ್ಲೇ ಇರುವ ಇನ್ನೊಬ್ಬಳನ್ನು ಪ್ರೀತಿಸಿದರೆ ಅದು ಮೋಸವೋ ಅಲ್ಲವೋ ಅನ್ನುವುದರ ಮೇಲೆ ವಾರಗಟ್ಟಲೆ ಎಳೆಯುತ್ತಿದ್ದಾರೆ.

ಈಗ ನಡೆದದ್ದು ಹೇಳುತ್ತೇನೆ. ಅತ್ತೆ ಪೆಟ್ಟಿಗೆ ಕಟ್ಟಿದ ಮೇಲೆ ಒಂದು ಸಂಜೆ ಅಂಗಡಿಗೆ ಒಬ್ಬರು ಅಜ್ಜಿ ಬಂದಿದ್ದರು. ಯಾವ ಚೌಕಟ್ಟು ತೋರಿಸಿದರೂ ಮುಖ ಸಿಂಡರಿಸುತ್ತಿದ್ದರು, ನೀವೇ ಹಾಕಿ ತೋರಿಸಿ ಅಂದರು. ಗಾಜಿಲ್ಲದ ಒಂದು ದಪ್ಪ ಚೌಕಟ್ಟನ್ನು ಹಾಕಿಕೊಂಡು ತೋರಿಸಿದೆ, ಅದೂ ಇದೂ ಮಾತಾಡಿದೆ, ಬಾಗಿಲು ಹಾಕಿ ಹಾಗೇ ಬಸ್ಸು ಹತ್ತಿ ಮನೆಗೆ ಬಂದೆ. ಗಾಜಿಲ್ಲವಲ್ಲ, ಮೂಗಿನ ಮೇಲೆ ಇದೆ ಅನ್ನುವುದೇ ಗೊತ್ತಾಗಲಿಲ್ಲ. ಬಾಗಿಲು ತೆಗೆದ ಅತ್ತೆ ಗೋಡೆಯನ್ನು ಬಿಟ್ಟು ನನ್ನನ್ನು ನೋಡಿದರು. ‘ಬನ್ನಿ, ಕೂತ್ಕೊಳ್ಳಿ. ಯಾವಾಗ ಬಂದ್ರಿ?’ ಅಂದರು. ಮದುವೆಯಾದ ದಿನದಿಂದ ಬಾರೇ ಹೋಗೇ ಅಂತಲೇ ಕರೆದವರು. ನನ್ನ ಹಿಂದೆ ಯಾರೋ ನಿಂತಿದ್ದಾರೆ ಅಂದುಕೊಂಡು ತಿರುಗಿ ನೋಡಿದೆ, ಯಾರೂ ಇಲ್ಲ. ಕನ್ನಡಿಯಲ್ಲಿ ನನ್ನ ಮುಖ ಕಂಡಾಗ ತಿಳಿಯಿತು. ನಕ್ಕು ತೆಗೆದುಬಿಡಬಹುದಿತ್ತು. ತೆಗೆಯಲಿಲ್ಲ. ‘ಈಗ ತಾನೇ ಬಂದೆ, ಲಿಫ್ಟ್ ಸಿಕ್ಕಿಹಾಕ್ಕೊಳ್ತು’ ಅಂದೆ. ನಮ್ಮ ಕಟ್ಟಡಕ್ಕೆ ಲಿಫ್ಟೇ ಇಲ್ಲ ಅಂತ ನಿನಗೆ ಗೊತ್ತು, ಅವರಿಗೂ ಗೊತ್ತು.

ಅಂದಿನಿಂದ ಸಂಜೆಯಾದರೆ ನಾನು ಆ ಖಾಲಿ ಚೌಕಟ್ಟು ಏರಿಸಿಕೊಂಡೇ ಮೆಟ್ಟಿಲು ಹತ್ತುತ್ತೇನೆ. ಅತ್ತೆಗೆ ತಲೆ ಕೆಟ್ಟಿದೆ ಅಂತ ಹೆದರಬೇಡ. ಒಂದು ಸಂಜೆ ಮಾತಿನ ನಡುವೆ ಫೋನ್ ಬಡಿದುಕೊಂಡಾಗ, ‘ನಿಮಗಲ್ಲ, ಅವಳಿಗೆ. ಅಂಗಡಿಯವರಿರ್ಬೇಕು, ಎತ್ತಿ’ ಅಂದರು. ಹಾಲು ಮರೆಯುತ್ತಾರೆ, ಆಟದ ನಿಯಮ ಒಂದನ್ನೂ ಮರೆಯುವುದಿಲ್ಲ. ಬೆಳಿಗ್ಗೆ ನಾನು ಬರಿಗಣ್ಣಲ್ಲಿ ಎದ್ದು ಬಂದರೆ ಮತ್ತೆ ಗೋಡೆಯೇ ಗತಿ. ಸಂಜೆ ಆಚೆಯವರಿಗೆ ಮಾತ್ರ ರಾಜಮರ್ಯಾದೆ. ನಿನ್ನನ್ನು ನಾನು ‘ಅವರು’ ಅಂದಾಗ ಎಷ್ಟು ಖುಷಿಪಟ್ಟರು ಗೊತ್ತೇ? ‘ನೋಡಿ, ನಿಮ್ಮ ಬಾಯಲ್ಲಿ ಗಂಡನಿಗೆ ಒಂದು ಮರ್ಯಾದೆ ಇದೆ. ಇಲ್ಲಿರೋಳು ಹೋಗೋ ಬಾರೋ ಅಂತಾಳೆ. ಮೂಗಿನ ತುದೀಲೇ ಸಿಟ್ಟು, ಕೆಲಸ ಮಾತ್ರ ಚುರುಕು’ ಅಂದರು. ನಾನೂ ಕೇಳಿದ್ದೇನೆ ಅಂದೆ. ನಿನಗೆ ನಗು ಬರಬಹುದು, ನನಗೆ ಆಚೆಯವಳ ಮೇಲೆ ನಿಜವಾಗಿ ಹೊಟ್ಟೆಕಿಚ್ಚಾಯಿತು. ನನ್ನದೇ ಮೈ, ನನ್ನದೇ ಬಾಯಿ, ಇಷ್ಟು ವರ್ಷ ನನಗೆ ಸಿಗದ ಮಾತು ಅವಳಿಗೆ ಸಂಜೆ ಸಂಜೆ ಸಿಗುತ್ತಿದೆ. ಆ ಎಂಜಿನಿಯರು ಹೆಂಗಸಿನ ಮೇಲೆ ಮೊದಲ ಸಲ ನನಗೆ ಕನಿಕರ ಬಂತು.

ನಿನ್ನ ಬಗ್ಗೆಯೂ ವಿಚಾರಿಸಿದರು. ‘ನಿಮ್ಮ ಲೋಕದಲ್ಲಿ ನನ್ನ ಮಗ ಮನೇಲೇ ಇರ್ತಾನಾ?’ ಇರುತ್ತಾರೆ, ಸಂಜೆಗೆ ಸರಿಯಾಗಿ ಬಂದುಬಿಡುತ್ತಾರೆ, ಅದಕ್ಕೇ ಜಗಳ ಜಾಸ್ತಿ ಅಂದೆ. ಅತ್ತೆ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕರು. ಆ ಬೆಂಕಿಯ ದಿನದ ನಂತರ ಅವರು ನಕ್ಕದ್ದು ಅದೇ ಮೊದಲು. ನಾನೂ ನಕ್ಕೆ, ಆದರೆ ಹೇಳಿದ ಸುಳ್ಳು ನನಗೇ ಚುಚ್ಚಿತು. ನೀನು ಇಲ್ಲದಿರುವುದು ನನಗೆ ಅಭ್ಯಾಸವಾಗಿದೆ ಅಂತ ಎಲ್ಲರಿಗೂ ಹೇಳುತ್ತೇನೆ. ಅಭ್ಯಾಸವಾಗಿಲ್ಲ.

ಆಮೇಲೆ ಮೊನ್ನೆ ಮಂಗಳವಾರ. ಜಾಹೀರಾತು ಬರುತ್ತಿತ್ತು. ಅತ್ತೆ ಟೀವಿಯ ಕಡೆಗೇ ಮುಖ ಮಾಡಿಕೊಂಡು, ‘ನಿಮ್ಮಲ್ಲಿ ನಾನಿದೀನಾ?’ ಅಂದರು. ಇದ್ದೀರಿ ಅಂದೆ. ‘ನಿಮ್ಮ ಜೊತೇನೇನಾ, ಇಲ್ಲ ಮಗಳ ಹತ್ರಾನಾ?’ ಅಂದರು. ನಮ್ಮ ಜೊತೇನೇ ಅಂದೆ. ಅವರು ‘ಇಲ್ಲಿರೋಳಿಗೆ ಹೇಳ್ಬೇಡಿ’ ಅಂತ ಶುರು ಮಾಡಿದರು. ಒಲೆ ಹಚ್ಚಿ ಮರೆತದ್ದು ಅದೊಂದೇ ಸಲವಲ್ಲವಂತೆ. ಹಿಂದೆಯೂ ಆಗಿದೆ, ವಾಸನೆ ಹೋಗಲಿ ಅಂತ ಕಿಟಕಿ ತೆಗೆದು, ಪಾತ್ರೆ ತಿಕ್ಕಿ ಇಟ್ಟಿದ್ದಾರೆ, ನನಗೆ ಗೊತ್ತೇ ಆಗಲಿಲ್ಲ. ‘ಅವಳು ಮಲಗಿರೋವಾಗ ಏನಾದ್ರೂ ಆಗಿದ್ರೆ? ಹೋಗೋದೇ ಸರಿ. ಹೋಗೋಕೆ ಇಷ್ಟ ಇಲ್ಲ, ಆದ್ರೂ ಹೋಗ್ತೀನಿ. ಅವಳ ಹತ್ರ ಬಾಯಿಬಿಟ್ರೆ ಕಳಿಸ್ಬೇಡ ಕಣೇ ಅಂತ ಎಲ್ಲಿ ಕೇಳಿಬಿಡ್ತೀನೋ ಅಂತ ಭಯ. ನಾನು ಕೇಳಿದ್ರೆ ಅವಳು ಇಲ್ಲ ಅನ್ನಲ್ಲ. ಅದಕ್ಕೇ ಮಾತು ಬಿಟ್ಟಿದೀನಿ.’ ಅಷ್ಟರಲ್ಲಿ ಜಾಹೀರಾತು ಮುಗಿಯಿತು. ರಿಮೋಟು ತೆಗೆದುಕೊಂಡು ಟೀವಿ ಶಬ್ದ ಜೋರು ಮಾಡಿದರು. ಲಿಫ್ಟಿನಲ್ಲಿ ಏನಾಯಿತು, ಯಾರು ಯಾರೊಳಗೆ ಹೋದರು, ಅವತ್ತು ನನಗೆ ಒಂದೂ ತಲೆಗೆ ಹತ್ತಲಿಲ್ಲ.

ಸಿಟ್ಟು ಮಾಡಿಕೊಂಡು ಮಾತು ಬಿಟ್ಟಿದ್ದಾರೆ ಅಂತಲೇ ನಾನು ಅಕ್ಕನಿಗೆ ಫೋನ್ ಮಾಡಿದ್ದು. ಸಿಟ್ಟಿನವರ ಜೊತೆ ಬಾಳುವುದು ನನ್ನ ಕೈಲಾಗದು ಅಂತ. ಈಗ ನೋಡಿದರೆ ಹೀಗೆ. ಹಾಗಂತ ಹಾಲು ಹೊತ್ತಿದ್ದು ಸುಳ್ಳಾಗುವುದಿಲ್ಲ. ಹಗಲಿಡೀ ನಾನು ಇಲ್ಲಿ ‘ಮೊದಲನೇದು ಸ್ಪಷ್ಟವಾ, ಎರಡನೇದಾ’ ಅಂತ ಜನರನ್ನು ಕೇಳುತ್ತಾ ನಿಂತಿರಬೇಕು, ಮನೆಯಲ್ಲಿ ಅವರೊಬ್ಬರೇ. ಅಕ್ಕನ ಮನೆಯಲ್ಲೂ ಹಗಲು ಯಾರೂ ಇರುವುದಿಲ್ಲ, ಐದನೆಯ ಮಹಡಿ ಬೇರೆ, ಆದರೆ ಅಲ್ಲಿ ಏನಾದರೂ ಆದರೆ ಅದು ನನ್ನ ತಲೆಯ ಮೇಲೆ ಬರುವುದಿಲ್ಲ. ನಿಜ ಹೇಳಬೇಕೆಂದರೆ ಈ ಲೆಕ್ಕಾಚಾರವೂ ನನಗೆ ಬಂತು. ನಿನ್ನೆ ಸಂಜೆ ಚೌಕಟ್ಟು ಹಾಕಿಕೊಳ್ಳಲು ಮನಸ್ಸಾಗದೆ ಬೇಕೆಂದೇ ತಡಮಾಡಿ ಧಾರಾವಾಹಿ ಮುಗಿದ ಮೇಲೆ ಮನೆಗೆ ಹೋದೆ. ಅತ್ತೆ ಬಾಗಿಲು ತೆಗೆದು, ನನ್ನ ಮುಖ ನೋಡಿ, ‘ಆಚೆಯವರು ಬರಲಿಲ್ಲ’ ಅಂತ ಗೋಡೆಗೆ ಹೇಳಿದರು. ಟೀವಿ ಹಾಕಿರಲೇ ಇಲ್ಲ.

ಗಿರಾಕಿ ಬಂದ ಸದ್ದಾಗುತ್ತಿದೆ, ನಿಲ್ಲಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬೆವರಿದ ಮೈಯಲ್ಲಿ ಗಾಳಿಗೆ ಹೋಗಿ ನಿಲ್ಲಬೇಡ. ನಿನಗೆ ಎರಡು ಸಲ ಊಟ ಬಡಿಸುವ ಹಡಗಿನ ಅಡುಗೆಯವರಿಗೆ ನನ್ನ ನಮಸ್ಕಾರ ಹೇಳು. ಎಲ್ಲಿದ್ದರೂ ಸುಖವಾಗಿರು.

ನಿನ್ನ,
ಇಲ್ಲಿಯವಳು

ಮತ್ತೆ: ಶುಕ್ರವಾರ. ಬಸ್ಸಿಗೆ ಕಾಯುತ್ತಾ ಮೊಣಕಾಲ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ಬೆಳಿಗ್ಗೆ ಎದ್ದವಳೇ ಅಕ್ಕನಿಗೆ ಫೋನ್ ಮಾಡಿ ಭಾನುವಾರ ಬರಬೇಡಿ ಅಂದೆ. ನಿನ್ನನ್ನು ಕೇಳಲಿಲ್ಲ. ಹಗಲು ಬಂದು ಜೊತೆಗಿರಲು ಕೆಳಮನೆಯ ನರ್ಸಮ್ಮ ಒಪ್ಪಿದ್ದಾರೆ, ನಿವೃತ್ತಿಯಾದ ಮೇಲೆ ಅವರಿಗೂ ಹೊತ್ತು ಹೋಗುತ್ತಿಲ್ಲವಂತೆ. ತಾನಾಗಿ ಆರುವ ಕರೆಂಟಿನ ಒಲೆ ತರುತ್ತೇನೆ. ಈ ಏರ್ಪಾಡು ನೀನು ಬರುವ ತನಕ ಅಂತ ಅಲ್ಲ, ಅತ್ತೆ ಇರುವ ತನಕ. ಆಮೇಲೆ ಬರಿಗಣ್ಣಲ್ಲೇ ಹೋಗಿ ಅತ್ತೆಯ ಎದುರು ನಿಂತು ಹೇಳಿದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ‘ಇದನ್ನ ನೀವು ಹೇಳ್ತಿದೀರೋ, ಅವಳು ಹೇಳ್ತಿದಾಳೋ?’ ಅಂದರು. ನಾನೇ ಅತ್ತೆ ಅಂದೆ. ‘ಹಾಗಾದ್ರೆ ನಿಂತ್ಕೊಂಡು ಏನ್ ನೋಡ್ತಿದೀಯೇ, ಆ ಪೆಟ್ಟಿಗೆ ಬಿಚ್ಚು’ ಅಂದರು.