ರಾತ್ರಿ ನೋಡದ ಪ್ಯಾನೆಲ್

ಲ್ಯಾಬಿನ ಊಟದ ಕೋಣೆಯಿಂದ,
ನವೆಂಬರ್ ೧೪, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಉಬ್ಬಸ ಕಡಿಮೆಯಾಯಿತೇ? ದೀಪಸ್ತಂಭದ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುವ ಹುಂಬತನ ಬಿಟ್ಟೆ ತಾನೇ? ಭಾನುವಾರದಿಂದ ನಿನ್ನ ವೈರ್‌ಲೆಸ್ ಮಾತಾಡುತ್ತಿಲ್ಲ. ದ್ವೀಪದ ದೀಪ ಕಾಣುತ್ತಿದೆಯಂತೆ, ಆದರೆ ಅದು ತನ್ನದೇ ಬ್ಯಾಟರಿಯಿಂದ ತಾನಾಗಿ ಹೊತ್ತಿಕೊಳ್ಳುವಂಥದ್ದು, ಅದರಿಂದ ನಿನ್ನ ಸುದ್ದಿ ತಿಳಿಯುವುದಿಲ್ಲ. ಬಂದರಿನ ಕಚೇರಿಯವರು "ಗಾಳಿ ಜೋರಿದೆಯಮ್ಮ, ಆಂಟೆನಾ ಬಿದ್ದಿರಬೇಕು" ಅಂತಾರೆ. ಅಮ್ಮನಿಗೂ ಅದನ್ನೇ ಹೇಳಿದ್ದೇನೆ. ಅವಳು ನಂಬಿದ ಹಾಗೆ ನಟಿಸುತ್ತಾಳೆ, ನಾನು ನಂಬಿಸಿದ ಹಾಗೆ. ನನಗೆ ಅನುಮಾನವಿರುವುದು ಗಾಳಿಯ ಮೇಲಲ್ಲ, ನಿನ್ನ ವೈರ್‌ಲೆಸ್‌ಗೆಂದು ನಾನು ಕಳಿಸಿದ ಸೋಲಾರ್ ಪ್ಯಾನೆಲ್ ಮೇಲೆ.

ಆ ಪ್ಯಾನೆಲ್‌ಗೆಂದು ನಾವು ಲ್ಯಾಬಿನಲ್ಲಿ ಮಾಡುವ ಈ ಪೆರೋವ್‌ಸ್ಕೈಟ್ ಎಂಬ ಹರಳು ಎಷ್ಟು ಚೂಟಿಯೋ ಅಷ್ಟೇ ಸಿಟ್ಟಿನ ಮಗು. ಗಾಜಿನ ಮೇಲೆ ತೆಳ್ಳಗೆ ಬಳಿದರೆ ಸಾಕು, ಬಿಸಿಲನ್ನು ಗಟಗಟ ಕುಡಿದು ಕರೆಂಟು ಕೊಡುತ್ತದೆ. ಒಂಚೂರು ತೇವ ತಾಗಿದರೆ ಕಪ್ಪು ಪದರ ಹಳದಿಯಾಗಿ ಕೈಕೊಡುತ್ತದೆ. ಅದಕ್ಕೇ ಅಯೋಡಿನ್ ತುಸು ಇಳಿಸಿ, ಬ್ರೋಮಿನ್ ತುಸು ಏರಿಸಿ, ಸೀಸಿಯಂ ಬೆರೆಸಿ, ವರ್ಷಗಟ್ಟಲೆ ಅದರ ಮನವೊಲಿಸಿದೆವು. ಕೊನೆಗೂ ಒಂದು ಮಿಶ್ರಣ ಪರೀಕ್ಷೆಯ ದೀಪದ ಕೆಳಗೆ ತಿಂಗಳುಗಟ್ಟಲೆ ಜಪ್ಪಯ್ಯ ಅನ್ನದೆ ನಿಂತಿತು. ನಾನು ಹಿರಿಹಿರಿ ಹಿಗ್ಗಿ, ಹಗುರವಾಗಿದೆ, ಒಬ್ಬನೇ ಕಟ್ಟಿಕೊಳ್ಳಬಹುದು ಎಂದು ನಿನಗೆ ಕಳಿಸಿದೆ. "ಪುಟ್ಟೀ, ನಿನ್ನ ಗಾಜಿನಿಂದಲೇ ನನ್ನ ಬಾಯಿ ನಡೀತಿದೆ" ಎಂದು ವೈರ್‌ಲೆಸ್‌ನಲ್ಲಿ ಬಂದರಿಗೆಲ್ಲ ಕೇಳುವಂತೆ ಕೂಗಿದ್ದೆಯಲ್ಲ.

ಹೋದ ವಾರ ಆ ಪರೀಕ್ಷೆಯ ದೀಪ ಸುಟ್ಟುಹೋಯಿತು. ಸೋಮವಾರ ಹೊಸದು ಬರುವ ತನಕ ಆ ಮಿಶ್ರಣದ ಸೆಲ್‌ಗಳು ಕತ್ತಲಲ್ಲಿ ಕೂತವು. ಮತ್ತೆ ದೀಪ ಹಾಕಿದರೆ ಕರೆಂಟು ಇಳಿದುಹೋಗಿದೆ! ಆರಿಸಿ ಹಾಕಿ, ಆರಿಸಿ ಹಾಕಿ ನೋಡಿದೆ. ಪ್ರತಿ ಸಲವೂ ಇನ್ನಷ್ಟು ಇಳಿಯಿತು, ಅಂಚಿನಲ್ಲಿ ಹಳದಿ ಹಬ್ಬಿತು. ಬೆಳಕಿನಲ್ಲಿ ಅತ್ತ ಸರಿದ ಕಣಗಳು ಕತ್ತಲಲ್ಲಿ ಇತ್ತ ಸರಿಯುತ್ತವೆ, ಆ ಓಡಾಟದಲ್ಲೇ ಪದರ ಹಾಳಾಗುತ್ತದೆ. ದೀಪ ಯಾರೂ ಆರಿಸಬಾರದೆಂದು ನಾವು ಸ್ವಿಚ್ಚಿಗೆ ಟೇಪು ಅಂಟಿಸಿಟ್ಟಿದ್ದೆವು. ಇಷ್ಟೆಲ್ಲ ಓದಿದವರಲ್ಲಿ ಒಬ್ಬರಿಗೂ ಸೂರ್ಯ ದಿನಾ ಮುಳುಗುತ್ತಾನೆ ಎಂಬುದು ಹೊಳೆಯಲಿಲ್ಲ ನೋಡು. ಅಲ್ಲಿ ನಿನಗೆ ಉಸಿರು ಕಟ್ಟಿದರೆ ಯಾರನ್ನು ಕರೆಯುತ್ತೀಯ? ನನಗೆ ತುಂಬಾ ಭಯವಾಗಿದೆ ಅಣ್ಣಾ. ಊಟ ಪಕ್ಕಕ್ಕೆ ಸರಿಸಿ ಇದನ್ನು ಬರೆಯುತ್ತಿದ್ದೇನೆ. ಗಾಳಿ ತಗ್ಗಿದರೆ ನಾಳೆ ಬೆಳಿಗ್ಗೆ ಸಾಮಾನಿನ ದೋಣಿ ಹೊರಡುತ್ತದಂತೆ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ, ಎದೆಗೆ ಬೆಚ್ಚಗೆ ಸುತ್ತಿಕೊಳ್ಳಬೇಕಂತೆ.

ನಿನ್ನ ತಂಗಿ,
ಪುಟ್ಟಿ

ತಾಜಾ ಕಲಂ: ನೀನು ಕಾಗದವನ್ನು ಬುಡದಿಂದ ಓದುವವನು, ಅದಕ್ಕೇ ಮುಖ್ಯವಾದದ್ದು ಇಲ್ಲಿದೆ. ಈ ಕಾಗದದ ಜೊತೆ ಅದೇ ದೋಣಿಯಲ್ಲಿ ಹಳೇ ಬಗೆಯ ಸಿಲಿಕಾನ್ ಪ್ಯಾನೆಲ್ ಕಳಿಸುತ್ತಿದ್ದೇನೆ. ಮಣಭಾರವಿದೆ, ಒಬ್ಬನೇ ಎತ್ತಬೇಡ, ದೋಣಿಯವರನ್ನು ಜೊತೆಗೆ ಕರೆ. ನನ್ನದನ್ನು ಬಿಚ್ಚಿ ಬಿಸಾಕಿ ಮೊದಲು ಇದನ್ನು ಕಟ್ಟು. ಆಮೇಲೆ ನನಗೆ ಬಾಯಿಗೆ ಬಂದಂತೆ ಬೈ. ಆದರೆ ಕಾಗದದಲ್ಲಿ ಬೇಡ, ವೈರ್‌ಲೆಸ್‌ನಲ್ಲೇ ಬೈ. ಅಮ್ಮನೂ ಕೇಳಿಸಿಕೊಳ್ಳಲಿ.