ನೀನು ಬಿಚ್ಚಿಕೊಂಡು ಹೋದ ಎಂಜಿನ್

ಮಹಾರಾಯ,

ಗೆಳೆಯ ಎಂದು ಬರೆಯಲು ಕೈ ಬರಲಿಲ್ಲ. ನಾವಿಬ್ಬರೂ ಎರಡು ವರ್ಷ ಕೂತು ಕಟ್ಟಿದ ರಿಮೋಟಿನಿಂದ ಹಾರಿಸುವ, ಹಳೇ ಕಾಲದ ಮಾದರಿಯ ಪುಟ್ಟ ವಿಮಾನದಿಂದ, ಹಾರಾಟದ ಪಂದ್ಯದ ಹಿಂದಿನ ದಿನ, ಎಂಜಿನ್ ಬಿಚ್ಚಿಕೊಂಡು ನೀನು ಎದುರು ತಂಡ ಸೇರಿದೆ. ನಂಬಿಸಿ ಕತ್ತು ಕೊಯ್ದವನು, ಅದರ ನಾಲ್ಕು ಸ್ಕ್ರೂಗಳನ್ನು ಮಾತ್ರ ಜೋಪಾನವಾಗಿ ಡಬ್ಬಿಯಲ್ಲಿಟ್ಟು ಹೋಗಿದ್ದೆ.

ಇವತ್ತು ನಾನು ಬೇರೆ ಎಂಜಿನ್ ತರಲು ಹೋಗಿದ್ದೆ.

"ಹಗುರದ ವಿಮಾನ ಸಾರ್, ಚಿಕ್ಕದೇ ಸಾಕು. ನಿಮ್ಮ ಗೆಳೆಯರೂ ಅದನ್ನೇ ಹೇಳ್ತಿದ್ರಲ್ಲ?" ಎಂದ ಅಂಗಡಿಯವನು.

ಆ ಮಾತಿಗೇ ಮೈ ಉರಿದು ದೊಡ್ಡದನ್ನು ಆರಿಸಿದೆ. ಅವನೇ ಮೈದಾನಕ್ಕೆ ಬಂದು, ನಿನ್ನ ಜಾಗದಲ್ಲಿ ನಿಂತು ಪ್ರೊಪೆಲ್ಲರ್ ತಿರುಗಿಸಿ ಚಾಲೂ ಮಾಡಿಕೊಟ್ಟ. ವಿಮಾನ ಹಾರಲಿಲ್ಲ, ಎಗರಿತು. ರೆಕ್ಕೆಗಳು ಗಡಗಡ ನಡುಗಿದವು. ಹೇಗೋ ಇಳಿಸಿದೆ. ಅವನು ಗೊಣಗುತ್ತಲೇ ಚಿಕ್ಕದನ್ನು ಬದಲಿಸಿಕೊಟ್ಟ.

ನೀನು ಹೇಳುತ್ತಿದ್ದದ್ದೇ ಸರಿ. ಎಂಜಿನ್ ವಿಷಯದಲ್ಲಿ ನೀನು ಎಂದೂ ಸುಳ್ಳು ಹೇಳಿದವನಲ್ಲ.

ಮನೆಗೆ ಬಂದು, ನಿನ್ನ ನಾಲ್ಕು ಸ್ಕ್ರೂಗಳಿಂದಲೇ ಅದನ್ನು ಕೂರಿಸಿದೆ. ಅಂಗಳದಲ್ಲಿ ಎಂದಿನಂತೆ ಮೊಣಕಾಲೂರಿ, ಎರಡೂ ಕೈಯಲ್ಲಿ ವಿಮಾನದ ಬಾಲ ಬಿಗಿಹಿಡಿದು, "ಹೂಂ, ಪ್ರೊಪೆಲ್ಲರ್ ತಿರುಗಿಸೋ" ಎಂದೆ.

ಸ್ವಲ್ಪ ಹೊತ್ತು ಕಾದೆ. ಇಷ್ಟು ತಡವೇಕೆಂದು ಬೈಯಲು ತಲೆ ಎತ್ತಿದೆ.