ನನ್ನ ಅಕ್ಕ ಆ ಬೋರ್ಡನ್ನು ಓದಿದ್ದಳು

ಕಟ್ಟಡದ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಗಳೇ,

‘ನೆಲ ಒರೆಸುವ ಹೆಂಗಸು ಎಚ್ಚರಿಕೆಯ ಬೋರ್ಡನ್ನು ಓದದೆ ಕರೆಂಟಿನ ಪೆಟ್ಟಿಗೆಗೆ ಕೈ ಹಾಕಿದ್ದರಿಂದ ಅವಘಡವಾಯಿತು’ ಎಂದು ತಾವು ವರದಿ ಬರೆದಿದ್ದೀರಿ. ಆ ಹೆಂಗಸು ನನ್ನ ಅಕ್ಕ. ಮಾನ್ಯರೇ, ಅವಳು ಬೋರ್ಡನ್ನು ಓದಿದ್ದಳು. ಓದಿದ್ದಕ್ಕೇ ಕೈ ಹಾಕಿದಳು.

ಬೋರ್ಡಿನಲ್ಲಿದ್ದದ್ದು ನಾಲ್ಕೇ ಅಕ್ಷರ: ಎಲ್, ಐ, ವಿ, ಇ. ಅಕ್ಕನಿಗೆ ಇಂಗ್ಲಿಷ್ ಕಲಿಸುತ್ತಿರುವುದು ಅವಳ ಮಗಳು. ‘ಲಿವ್ ಅಂದ್ರೆ ಬದುಕೋದು ಕಣಮ್ಮಾ’ ಎಂದು ಶಾಲೆಯ ಪುಸ್ತಕ ತೋರಿಸಿಯೇ ಹೇಳಿಕೊಟ್ಟಿದ್ದಳು. ತಪ್ಪು ಹೇಳಿದಳೇ? ಅದೇ ನಾಲ್ಕು ಅಕ್ಷರ ಪುಸ್ತಕದಲ್ಲಿ ಲಿವ್ ಆಗಿ, ತಮ್ಮ ಪೆಟ್ಟಿಗೆಯ ಮೇಲೆ ಲೈವ್ ಆಗುತ್ತದೆಂದು, ಬದುಕು ಎಂಬುದೇ ಅಲ್ಲಿ ಕರೆಂಟು ಹರಿಯುತ್ತಿದೆ ಎಂದಾಗುತ್ತದೆಂದು, ಅದರ ಧೂಳು ಒರೆಸಲು ಒದ್ದೆ ಬಟ್ಟೆ ಹಿಡಿದು ನಿಂತವಳಿಗೆ ಯಾರು ಹೇಳಬೇಕಿತ್ತು? ಮಿಂಚಿನ ಗುರುತು ಇತ್ತಲ್ಲ ಎನ್ನುತ್ತೀರಿ. ಚಾರ್ಜಿಗೆ ಹಾಕಿದರೆ ನಮ್ಮ ಫೋನಿನಲ್ಲೂ ಅದೇ ಮಿಂಚು ಬರುತ್ತದೆ ಸ್ವಾಮಿ, ದಿನಾ ಕೈಯಲ್ಲೇ ಹಿಡಿದಿರುತ್ತೇವೆ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಕುಳಿತವಳನ್ನು ತಮ್ಮ ಮೇಸ್ತ್ರಿ ವಿಚಾರಿಸಿದಾಗ ನಾನೂ ಪಕ್ಕದಲ್ಲಿದ್ದೆ.

‘ಬೋರ್ಡ್ ಕಾಣ್ಲಿಲ್ವೇನಮ್ಮಾ?’

‘ಕಾಣ್ತು ಸಾರ್. ಬದುಕು ಅಂತ ಬರ್ದಿತ್ತು. ಒಳ್ಳೇದೇ ಅಂದ್ಕೊಂಡೆ.’

‘ಅಯ್ಯೋ, ಲೈವ್ ಅದು! ಟೀವೀಲಿ ದಿನಾ ನೋಡಲ್ವಾ?’

‘ನೋಡ್ತೀನಿ ಸಾರ್. ಅದು ಮುಟ್ಟಿದ್ರೆ ಹೊಡೆಯಲ್ಲ.’

ಸುತ್ತ ನಿಂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ನಾನು ಬಣ್ಣದ ಅಂಗಡಿಯಲ್ಲಿ ಡಬ್ಬ ಇಳಿಸುವವನು. ಕೆಲವು ಹಳೆಯ ಡಬ್ಬಗಳ ಮೇಲೆ ಎಲ್, ಇ, ಎ, ಡಿ ಎಂದಿರುತ್ತದೆ. ಲೀಡ್, ಅಂದರೆ ಎಲ್ಲರಿಗಿಂತ ಮುಂದಿರುವ ಕಂಪನಿ ಎಂದುಕೊಂಡಿದ್ದೆ. ಅದು ಲೆಡ್ ಅಂತೆ, ಸೀಸವಂತೆ, ಮೈಗೆ ವಿಷವಂತೆ! ಅಂದಿನಿಂದ ಔಷಧಿ ಬಾಟಲಿಯನ್ನೂ ಇಬ್ಬರ ಹತ್ತಿರ ಓದಿಸಿಯೇ ಮುಚ್ಚಳ ತೆಗೆಯುತ್ತೇನೆ. ನೈಫಿನ ಮುಂದೆ ಸದ್ದಿಲ್ಲದೆ ಕುಳಿತ ಕೆ ಅಕ್ಷರವನ್ನು ನಾನು ಕ್ಷಮಿಸಬಲ್ಲೆ, ಅದು ಯಾರ ಕೈಯನ್ನೂ ಸುಟ್ಟಿಲ್ಲ. ‘ಕ’ ಬರೆದರೆ ‘ಕ’ ಎಂದೇ ಓದುವ ಭಾಷೆ ಮನೆಯಲ್ಲಿರುವಾಗ, ಓದುವವರ ಜೀವವನ್ನು ಉಚ್ಚಾರಣೆಯ ಪರೀಕ್ಷೆಗೆ ಒಡ್ಡುವುದು ಯಾವ ಸುರಕ್ಷತೆ?

ಸೋಮವಾರ ಅಕ್ಕ ಮತ್ತೆ ಅದೇ ಕೋಣೆಗೆ ಕೆಲಸಕ್ಕೆ ಹೋಗುತ್ತಾಳೆ. ಬೋರ್ಡು ಇನ್ನೂ ಹಾಗೇ ಇದೆ. ನಿನ್ನೆ ಹೋಗಿ ನೋಡಿ ಬಂದೆ. ಅವಳು ಹೋಗುವ ಮುಂಚೆ ಅಲ್ಲಿ ‘ಕರೆಂಟ್ ಇದೆ, ಮುಟ್ಟಬೇಡಿ’ ಎಂದು ಕನ್ನಡದಲ್ಲಿ ಬರೆಸಿ. ವರದಿಯಲ್ಲಿರುವ ‘ಓದದೆ’ ಎಂಬ ಮಾತನ್ನು ಹೊಡೆದುಹಾಕಿ. ಇದನ್ನು ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಯಾಕೆಂದರೆ ಅವಳ ಮಗಳು, ಅಕ್ಷರ ಕಲಿಸಿದ ಅದೇ ಮಗು, ಈಗ ಅಮ್ಮನ ಸೆರಗು ಹಿಡಿದು ಹೇಳುತ್ತಿದ್ದಾಳೆ: ‘ಇನ್ಮೇಲೆ ಏನೂ ಓದ್ಬೇಡಮ್ಮಾ. ಸುಮ್ನೆ ಹೆದರ್ಕೋ.’

ಇಂತಿ,
ಶಾಲೆಯನ್ನು ಅರ್ಧಕ್ಕೆ ಬಿಟ್ಟು, ಉಳಿದರ್ಧವನ್ನು ಈಗ ಹೆದರಿಕೊಂಡೇ ಕಲಿಯುತ್ತಿರುವ ಅವಳ ತಮ್ಮ